ಆಗಸ್ಟ್ ಆದ ಮೇಲಿನ ಜೈಲು

ನಂಜಪ್ಪ ಹೋದದ್ದು ತೊಂಬತ್ತೇಳರ ಮೇ ತಿಂಗಳಲ್ಲಿ. ಬೆಳಿಗ್ಗೆ ಹಲ್ಲುಜ್ಜಲು ಕೂತವನು ಮತ್ತೆ ಏಳಲಿಲ್ಲ. ಚಾಮರಾಜಪೇಟೆಯ ವಠಾರದ ಎರಡು ಕೋಣೆಯ ಮನೆಯಲ್ಲಿ ಪಿಳ್ಳಮ್ಮ ಒಬ್ಬಳೇ ಉಳಿದಳು. ಮಕ್ಕಳಿರಲಿಲ್ಲ. ಉಳಿದದ್ದು ಅವನ ಕನ್ನಡಕ, ಒಂದು ಟ್ರಂಕು, ಗೋಡೆಯ ಮೇಲಿನ ಮಹಾರಾಜರ ಫೋಟೊ.

ಆ ಫೋಟೊ ಯಾಕೆ ಎಂದು ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು. ಮಹಾರಾಜರ ಸರ್ಕಾರವೇ ಅಲ್ಲವೇ ನಿಮ್ಮನ್ನು ಜೈಲಿಗೆ ಹಾಕಿದ್ದು ಎಂದಿದ್ದಳು.

"ಮನುಷ್ಯ ಒಳ್ಳೇವ್ರೇ ಕಣೆ. ಆದ್ರೆ ಕೇಳ್ದೆ ಇದ್ರೆ ಯಾರ್ ಕೊಡ್ತಾರೆ?" ಎಂದಿದ್ದ ನಂಜಪ್ಪ.

ಅವನು ಮಾಗಡಿ ಕಡೆಯವನು. ಹದಿನಾರು ತುಂಬಿದಾಗ ಬೆಂಗಳೂರಿಗೆ ಬಂದು ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ನಲವತ್ತೇಳರ ಆಗಸ್ಟ್ ಹದಿನೈದರಂದು ಯಜಮಾನರು ಎಲ್ಲರಿಗೂ ಲಾಡು ಹಂಚಿದರು. ಬ್ರಿಟಿಷರು ಹೊರಟರು. ಆದರೆ ಮೈಸೂರು ಸಂಸ್ಥಾನದಲ್ಲಿ ಮಾರನೇ ದಿನವೂ ಅದೇ ದಿವಾನರು, ಅದೇ ಪೊಲೀಸು. ಜನರಿಗೆ ಜವಾಬು ಹೇಳುವ ಸರ್ಕಾರ ನಮಗೂ ಬೇಕು ಎಂದು ಸೆಪ್ಟೆಂಬರಿನಲ್ಲಿ ಚಳವಳಿ ಎದ್ದಿತು. ಮೈಸೂರು ಚಲೋ ಎಂದು ಊರೂರಿನಿಂದ ಜನ ಅರಮನೆಯ ಕಡೆ ಹೊರಟರು. ನಂಜಪ್ಪ ಮೈಸೂರಿಗೆ ಹೋಗಲಿಲ್ಲ. ಯಜಮಾನರಿಗೆ ಗೊತ್ತಾಗದ ಹಾಗೆ ಕರಪತ್ರ ಅಚ್ಚು ಹಾಕಿದ. ಅವೆನ್ಯೂ ರಸ್ತೆಯಲ್ಲಿ ಹಂಚುವಾಗ ಸಿಕ್ಕಿಬಿದ್ದ. ಮೂವತ್ತೆರಡು ದಿನ ಸೆಂಟ್ರಲ್ ಜೈಲಿನಲ್ಲಿದ್ದ. ಅಕ್ಟೋಬರಿನಲ್ಲಿ ರಾಜಿಯಾಯಿತು, ಬಿಟ್ಟರು. ಅದೇ ತಿಂಗಳು ಜನರ ಕಡೆಯವರು ಮಂತ್ರಿಗಳಾಗಿ ಕುರ್ಚಿಯ ಮೇಲೆ ಕೂತರು.

ಅಷ್ಟೇ ಅವನ ದೊಡ್ಡ ಕತೆ. ಉಳಿದ ಐವತ್ತು ವರ್ಷ ಮೊಳೆ ಜೋಡಿಸಿದ. ಬೆರಳ ತುದಿಯ ಮಸಿ ಸಾಯುವವರೆಗೂ ಹೋಗಲಿಲ್ಲ.

ಆಗಸ್ಟ್ ಹದಿನೈದಕ್ಕೆ ಅವನು ಎಲ್ಲರ ಹಾಗೆ ಮಿಠಾಯಿ ತಿನ್ನುತ್ತಿದ್ದ. ಅವನ ಹಬ್ಬ ಬೇರೆಯೇ ಇತ್ತು. ಅಕ್ಟೋಬರಿನಲ್ಲಿ, ಜೈಲಿನಿಂದ ಹೊರಬಂದ ದಿನ, ಮಧ್ಯಾಹ್ನ ಅವನಿಗೆ ಜೈಲಿನ ಊಟ ಆಗಬೇಕು. ರಾಗಿಮುದ್ದೆ, ಉಪ್ಪಿಲ್ಲದ ಸೊಪ್ಪಿನ ಸಾರು. ಎರಡು ಮುದ್ದೆ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಪಿಳ್ಳಮ್ಮನಿಗೂ ಅದೇ.

"ಹಬ್ಬದ ದಿನ ಯಾರಾದ್ರೂ ಉಪ್ಪಿಲ್ದೆ ಉಣ್ತಾರಾ?" ಎಂದು ಮೊದಲ ವರ್ಷ ರೇಗಿದ್ದಳು.

"ಒಂದ್ ಹೊತ್ತು ಉಂಡ್ರೆ ಸಾಯಲ್ಲ. ಉಣ್ಣು."

ಅವನು ಕೈ ತೊಳೆಯಲು ಹೋದಾಗ ಅವಳು ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಅವನು ಸುರಿದು ಉಂಡ. "ಜೈಲಲ್ಲಿ ಇಷ್ಟು ರುಚಿ ಇರ್ಲಿಲ್ಲ ಕಣೆ. ಕೈಗುಣ," ಎಂದ. ನಲವತ್ತಾರು ಅಕ್ಟೋಬರೂ ಆ ಚಿಟಿಕೆ ಹಾಕಿದಳು. ಒಂದು ಸಲವೂ ಹೇಳಲಿಲ್ಲ.

ಅವನು ಹೋದ ವರ್ಷವೇ ಸ್ವಾತಂತ್ರ್ಯಕ್ಕೆ ಐವತ್ತು ತುಂಬುತ್ತಿತ್ತು. ಬೀದಿಯ ಗೆಳೆಯರ ಬಳಗದವರು ಪಾರ್ಕಿನ ಬಾಗಿಲಲ್ಲಿ ಒಂದು ಕಲ್ಲು ನಿಲ್ಲಿಸುವುದೆಂದು ತೀರ್ಮಾನಿಸಿದರು. ಸ್ವಾತಂತ್ರ್ಯಕ್ಕಾಗಿ ಆ ಬಡಾವಣೆಯಿಂದ ಜೈಲಿಗೆ ಹೋದವರ ಹೆಸರು, ಪಕ್ಕದಲ್ಲಿ ಇಸವಿ. ಬಳಗದ ಕಾರ್ಯದರ್ಶಿ ಎಸ್‌ಟಿಡಿ ಬೂತಿನ ವಸಂತ್. ನಂಜಪ್ಪನ ಕರ್ಮ ಮುಗಿದು ತಿಂಗಳಾಗಿತ್ತು. ಪಿಳ್ಳಮ್ಮ ಬೂತಿಗೆ ಹೋಗಿ ನಿಂತಳು. ಅವಳಿಗೆ ಬೇಕಿದ್ದದ್ದು ಒಂದೇ. ಮಕ್ಕಳಿದ್ದಿದ್ದರೆ ಅಪ್ಪ ನಂಜಪ್ಪ ಎಂದು ನಾಲ್ಕು ಕಡೆ ಹೇಳುತ್ತಿದ್ದರು. ಈಗ ಆ ಹೆಸರು ಹೇಳುವವಳು ಅವಳೊಬ್ಬಳೇ. ಅವಳೂ ಹೋದರೆ ಕಲ್ಲಾದರೂ ಹೇಳಲಿ.

ವಸಂತ್ ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದ.

"ಯಾವಾಗ ಜೈಲು ಅಂದ್ರಿ ಅಜ್ಜಿ?"

"ನಲವತ್ತೇಳು. ಸೆಪ್ಟೆಂಬರು."

"ಆಗಸ್ಟ್‌ಗೇ ಸ್ವಾತಂತ್ರ್ಯ ಬಂತಲ್ಲ. ಬಂದ್ಮೇಲೆ ಯಾಕ್ ಜೈಲಿಗೆ ಹಾಕ್ತಾರೆ? ಬೇರೆ ಏನಾದ್ರೂ ಕೇಸಾ?"

ಬೂತಿನಲ್ಲಿದ್ದ ಇಬ್ಬರು ನಕ್ಕರು.

"ಡೆಲ್ಲಿಗೆ ಬಂತಪ್ಪ. ನಮಗೆ ಬಂದಿರ್ಲಿಲ್ಲ. ಜನದ ಸರ್ಕಾರ ಕೊಡಿ ಅಂತ ಇಲ್ಲಿ ಬೇರೆ ಕೇಳ್ಬೇಕಾಯ್ತು. ಕೇಳಿದ್ದಕ್ಕೆ ಜೈಲು."

"ಯಾರನ್ನ ಕೇಳಿದ್ದು?"

"ಇನ್ಯಾರನ್ನ? ಮಹಾರಾಜ್ರನ್ನ."

"ನಮ್ ಮಹಾರಾಜ್ರು ಜೈಲಿಗೆ ಹಾಕ್ತಾರಾ? ದೇವ್ರಂಥೋರು. ಅಜ್ಜಿ, ನಿಮಗೆ ಲೆಕ್ಕ ತಪ್ಪಿದೆ. ಜೊತೇಲಿದ್ದೋರು ಯಾರಾದ್ರೂ ಇದ್ರೆ ಒಂದ್ ಕಾಗದ ಬರೆಸ್ಕೊಂಡ್ ಬನ್ನಿ. ಆಗಸ್ಟ್ ಒಂದಕ್ಕೆ ಕಲ್ಲು ಕೆತ್ತೋಕೆ ಕೊಡ್ತೀವಿ."

ಜೊತೆಯಲ್ಲಿದ್ದವರಲ್ಲಿ ಉಳಿದಿದ್ದವರು ಒಬ್ಬರೇ, ವರದರಾಜ ಮೇಷ್ಟ್ರು. ಜೈಲಿಗೆ ಹೋದಾಗ ಕಾಲೇಜು ಹುಡುಗ. ಒಂದೇ ಕೋಣೆಯಲ್ಲಿ ನಂಜಪ್ಪನ ಪಕ್ಕ ಮಲಗಿದ್ದವರು. ಈಗ ಬಸವನಗುಡಿಯಲ್ಲಿ ಮಕ್ಕಳ ಮನೆಯಲ್ಲಿದ್ದರು. ಪಿಳ್ಳಮ್ಮ ನಡೆದೇ ಹೋದಳು. ಮೇಷ್ಟ್ರು ಕೂರಿಸಿ ಕಾಫಿ ಕೊಡಿಸಿದರು. ನಂಜಪ್ಪ ಜೈಲಿನಲ್ಲಿ ಕಳ್ಳರಿಗೂ ಅಕ್ಷರ ಹೇಳಿಕೊಡುತ್ತಿದ್ದದ್ದನ್ನು ನೆನೆದು ಕಣ್ಣು ಒರೆಸಿಕೊಂಡರು. ಕಾಗದ ಪೆನ್ನು ತಂದರು. ಬರೆದು ಓದಿದರು. ಇಸವಿ ಬಂದಾಗ ಅವಳು ತಲೆಯೆತ್ತಿದಳು.

"ನಲವತ್ತೆರಡು ಅಂದ್ರಾ?"

"ಹೂಂ. ಕಲ್ಲಿಗೆ ನಂದೂ ಹಾಗೇ ಬರೆಸಿದೀನಿ. ನಲವತ್ತೇಳು ಅಂದ್ರೆ ಈ ಹುಡುಗರಿಗೆ ಅರ್ಥವಾಗಲ್ಲ ತಾಯಿ. ನಾನೂ ಹೇಳಿ ಹೇಳಿ ಸೋತೆ. ನಲವತ್ತೆರಡು, ಕ್ವಿಟ್ ಇಂಡಿಯಾ ಅಂದ್ರೆ ಎಲ್ಲರೂ ಕೈ ಮುಗೀತಾರೆ."

"ನಲವತ್ತೆರಡ್ರಲ್ಲಿ ಅವ್ರು ಊರಲ್ಲಿ ಎಮ್ಮೆ ಕಾಯ್ತಿದ್ರು ಮೇಷ್ಟ್ರೇ."

"ಎಮ್ಮೆ ಬಂದು ಸಾಕ್ಷಿ ಹೇಳುತ್ತಾ?"

ಅವಳಿಗೂ ನಗು ಬಂತು. ಮೇಷ್ಟ್ರು ನಗಲಿಲ್ಲ.

"ಹೆಸರು ಉಳೀಬೇಕೋ, ಇಸವಿ ಉಳೀಬೇಕೋ, ನೀವೇ ನೋಡಿ," ಎಂದು ಕಾಗದ ಮಡಿಸಿ ಕೊಟ್ಟರು.

ಕಾಗದವನ್ನು ಅವಳು ಮಹಾರಾಜರ ಫೋಟೊದ ಹಿಂದೆ ಸಿಕ್ಕಿಸಿದಳು. ಒಂಬತ್ತು ದಿನ ಅದು ಅಲ್ಲೇ ಇತ್ತು. ದಿನಕ್ಕೆ ಎರಡು ಸಲ ತೆಗೆದು ನೋಡುತ್ತಿದ್ದಳು. ಓದು ಅಷ್ಟಾಗಿ ಬಾರದು. ನಂಜಪ್ಪ ಕಲಿಸಿದ ಅಕ್ಷರ ಅಷ್ಟೇ, ಪ್ರೆಸ್ಸಿನಿಂದ ತಂದ ತಪ್ಪಚ್ಚಿನ ಹಾಳೆಗಳ ಮೇಲೆ. ಆದರೆ ಅವನ ಹೆಸರು ಓದಬಲ್ಲಳು. ಅಂಕಿ ಓದಬಲ್ಲಳು. ಹೆಸರು ಓದಿದಾಗ ಎದೆ ತುಂಬುತ್ತಿತ್ತು, ಅಂಕಿಗೆ ಬಂದಾಗ ಮಡಿಸಿ ಮತ್ತೆ ಫೋಟೊದ ಹಿಂದೆ ಇಡುತ್ತಿದ್ದಳು. ತಪ್ಪಚ್ಚಾದ ಒಂದು ಅಕ್ಷರಕ್ಕೆ ಹಾಳೆ ಪೂರ್ತಿ ಹರಿದು ಮತ್ತೆ ಮೊಳೆ ಜೋಡಿಸುತ್ತಿದ್ದ ಗಂಡಸು ಅವನು. ಕೇಳೋಣವೆಂದರೆ ಅವನಿಲ್ಲ. ಯಾವ ವಿಷಯಕ್ಕೂ ಹೀಗೆ ಒಬ್ಬಳೇ ಕೂತು ಯೋಚಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

ಆಗಸ್ಟ್ ಒಂದಕ್ಕೆ ಬೂತಿಗೆ ಹೋದಳು. ವಸಂತ್ ಕೈ ಚಾಚಿದ. ಅವಳು ಕಾಗದ ಕೊಡಲಿಲ್ಲ.

"ಮೇಷ್ಟ್ರು ಬರೆದ ಇದರಲ್ಲಿ ಇಸವಿ ತಪ್ಪಿದೆ. ನಲವತ್ತೇಳು ಅಂತ ಹಾಕ್ತೀಯಾ?"

"ಆಗಲ್ಲ ಅಜ್ಜಿ. ಕಲ್ಲು ನೋಡಿದ ಜನ ನಗ್ತಾರೆ. ಮೇಷ್ಟ್ರೇ ಬರೆದುಕೊಟ್ಟಿದಾರಲ್ಲ, ನಿಮಗೇನ್ ಕಷ್ಟ? ಕೊಡಿ."

"ಹಂಗಾದ್ರೆ ಬೇಡ ಬಿಡಪ್ಪ."

"ಹೆಸರೇ ಬೇಡ್ವಾ?"

"ಬೇಡ."

ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಸೀದಾ ಮನೆಗೆ ನಡೆದಳು. ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ಅವನು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಹದಿನೈದನೇ ತಾರೀಖು ಕಲ್ಲಿನ ಪರದೆ ಸರಿಸಿದರು. ಹನ್ನೊಂದು ಹೆಸರು. ಪಿಳ್ಳಮ್ಮ ಪಾರ್ಕಿನ ಕಂಬಿಯ ಆಚೆ ನಿಂತು ಒಂದೊಂದಾಗಿ ಓದಿದಳು. ವೇದಿಕೆಯ ಮೇಲೆ ವರದರಾಜ ಮೇಷ್ಟ್ರಿಗೆ ಹಾರ ಹಾಕಿದರು. ಅವರು ಅವಳನ್ನು ಕಂಡರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಭಾಷಣ ಮುಗಿಯುವವರೆಗೂ ಒರೆಸುತ್ತಲೇ ಇದ್ದರು.

ಅಕ್ಟೋಬರ್ ಬಂತು. ಆ ದಿನ ಪಿಳ್ಳಮ್ಮ ಮಾರ್ಕೆಟ್ಟಿನಿಂದ ದಂಟಿನ ಸೊಪ್ಪು ತಂದಳು. ಮುದ್ದೆ ತಿರುವುತ್ತಿರುವಾಗ ಪಕ್ಕದ ಮನೆಯ ಶೈಲಜಮ್ಮ ಕೊತ್ತಂಬರಿ ಕೇಳಲು ಬಂದರು.

"ಏನ್ ಪಿಳ್ಳಮ್ಮ, ಒಬ್ಬರಿಗೇ ಇಷ್ಟೊಂದು ಹಿಟ್ಟು? ಏನ್ ವಿಶೇಷ?"

"ನಮ್ ಸರ್ಕಾರ ಬಂದಾಗ ಇವ್ರನ್ನ ಜೈಲಿಂದ ಬಿಟ್ಟ ದಿನ."

"ವರ್ಷಕ್ಕೊಂದು ಬರ್ತಾನೇ ಇದೆ, ಹೋಗ್ತಾನೇ ಇದೆ. ಯಾವ್ದು ನಿಮ್ದು?"

"ಮೊದಲನೇದು. ಕೂತ್ಕೊಳಿ, ಹೇಳ್ತೀನಿ."

"ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ ಕಣ್ರಿ. ಇನ್ನೊಂದ್ಸಲ," ಎಂದು ಶೈಲಜಮ್ಮ ಕೊತ್ತಂಬರಿ ತೆಗೆದುಕೊಂಡು ಹೋದರು.

ತಟ್ಟೆಗೆ ಎರಡು ಮುದ್ದೆ ಇಟ್ಟಳು. ಉಪ್ಪಿನ ಜಾಡಿಯ ಕಡೆ ಕೈ ತಾನಾಗಿ ಹೋಯಿತು. ಮುಚ್ಚಳ ತೆಗೆದು, ಮತ್ತೆ ಮುಚ್ಚಿಟ್ಟಳು. ಈ ಸಲ ಅವನು ಹೇಳಿದ ಹಾಗೆಯೇ ಆಗಲಿ.

ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನೀರು ಕುಡಿದು ನುಂಗಿದಳು. ಮೂವತ್ತೆರಡು ದಿನ ಇದನ್ನು ಹೇಗೆ ಉಂಡ ಎಂದು ಅವಳಿಗೆ ಆವತ್ತು ಮೊದಲ ಸಲ ಅನ್ನಿಸಿತು. ಹತ್ತೊಂಬತ್ತರ ಹುಡುಗ. ಎರಡನೇ ಮುದ್ದೆ ಮುಗಿಸುವಷ್ಟರಲ್ಲಿ ಬಿಸಿಲು ಹೊಸ್ತಿಲು ದಾಟಿತ್ತು. ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ.