ಸುಣ್ಣದ ಬೆಟ್ಟದಿಂದ ಬಂದ ಮಾತು

ದೆವ್ವ, ಭೂತ, ಸತ್ತವರ ಧ್ವನಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೊರಗೆ ಹೋಗುವ ಜಾತಿ ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ತಮ್ಮ ತಾತ ತೀರಿಕೊಂಡಾಗ ಗೋಡೆ ಗಡಿಯಾರ ತಾನಾಗಿಯೇ ನಿಂತಿತ್ತು ಎಂದಾಗ, ಸೆಲ್ ಮುಗಿದಿರಬೇಕು ಸಾರ್ ಎಂದು ಹೇಳಿ ಅವರ ಮುನಿಸು ಕಟ್ಟಿಕೊಂಡವನು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಎಂದು ಕೇಳುವುದಿಲ್ಲ. ಓದಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ ಎಂದು ಯೋಚಿಸಿ ನೋಡಿ.

ನನ್ನ ತಂಗಿ ಸುಧಾಳನ್ನು ಮತ್ತಿಕೆರೆಗೆ ಕೊಟ್ಟಿದ್ದೆವು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ ಅದು. ಕೆಳಗೆ ಮನೆಯವರು, ಮೇಲಿನ ಎರಡು ಮಹಡಿಯಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟ ರೂಮುಗಳು. ಅವಳ ಗಂಡ ಶಿವಕುಮಾರ ಯಶವಂತಪುರದ ಹತ್ತಿರ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಮದುವೆಯಾಗಿ ಹತ್ತು ವರ್ಷ ದಾಟಿದ್ದರೂ ಮಕ್ಕಳಿರಲಿಲ್ಲ. ಅದೊಂದು ಕೊರಗು ಬಿಟ್ಟರೆ ಇಬ್ಬರೂ ಚೆನ್ನಾಗಿದ್ದರು.

ಒಂದು ವರ್ಷ ಕಂಪನಿಯವರು ಎಲ್ಲರನ್ನೂ ಥಾಯ್ಲೆಂಡಿಗೆ ಕರೆದುಕೊಂಡು ಹೋದರು. ಕ್ರಾಬಿ ಎಂಬ ಊರಿನ ಕಡೆ, ನದಿ ಸಮುದ್ರ ಸೇರುವ ಒಂದು ಅಳಿವೆಯಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದರಂತೆ. ಶಿವಕುಮಾರ ಒಬ್ಬನೇ ಹುಟ್ಟು ಹಾಕಿಕೊಂಡು ಆಚೆ ದಡದ ಬೆಟ್ಟಗಳ ಕಡೆ ಹೋದ. ಸಂಜೆ ದೋಣಿ ಸಿಕ್ಕಿತು. ಮುಳುಗದಂತೆ ತೊಟ್ಟುಕೊಳ್ಳಲು ಕೊಟ್ಟಿದ್ದ ಜಾಕೆಟ್ ದೋಣಿಯಲ್ಲೇ ಇತ್ತು. ಅವನು ಸಿಗಲಿಲ್ಲ. ಅಲ್ಲಿಯ ಪೊಲೀಸರು, ಮೀನುಗಾರರು ವಾರಗಟ್ಟಲೆ ಹುಡುಕಿದರೂ ಹೆಣವೂ ಸಿಗಲಿಲ್ಲ.

ಮನೆಯವರು ಸ್ವಲ್ಪ ಕಾಲ ಕಾದು, ಫೋಟೊ ಇಟ್ಟು, ಅವನಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಎಡೆ ಇಟ್ಟು ತಿಥಿ ಮಾಡಿದರು. ಸುಧಾ ಅವತ್ತು ರೂಮಿನಿಂದ ಹೊರಗೆ ಬರಲಿಲ್ಲ. ತಾಳಿಯನ್ನೂ ತೆಗೆಯಲಿಲ್ಲ. ಯಾರೂ ಬಲವಂತ ಮಾಡಲಿಲ್ಲ ಎನ್ನುವುದು ಅವಳ ಅತ್ತೆ ಗಂಗಮ್ಮನವರ ದೊಡ್ಡತನ. ಆಕೆ ಮಾಕಳಿ ಕಡೆಯವರು, ಓದು ಬರಹ ಇಲ್ಲ, ಮಾತು ಕಡಿಮೆ. "ಅವಳ್ ಪಾಡಿಗ್ ಅವಳ್ನ ಬಿಡ್ರಪ್ಪ" ಎಂದು ಮಿಕ್ಕವರ ಬಾಯಿ ಮುಚ್ಚಿಸಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಒಂದು ಭಾನುವಾರ ಸುಧಾ ಸಹಕಾರನಗರದ ನಮ್ಮ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ಅಣ್ಣ, ಆ ಜಾಗ ನಂಗೆ ಒಂದ್ಸಲ ತೋರಿಸ್ತೀಯಾ? ಆಮೇಲೆ ನೀವೆಲ್ಲ ಹೇಳಿದ್ ಹಂಗೆ ಕೇಳ್ತೀನಿ" ಎಂದಳು. ನನ್ನ ಹೆಂಡತಿ ಬೇಡವೆಂದು ಕಣ್ಣಲ್ಲೇ ಹೇಳಿದಳು. ಆದರೆ ನನಗೆ ಅದೇ ಸರಿ ಅನ್ನಿಸಿತು. ನೀರನ್ನು ಕಣ್ಣಾರೆ ಕಂಡರೆ ಮನಸ್ಸು ಒಪ್ಪಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದೆ. ಡಿಸೆಂಬರ್ ರಜೆಯಲ್ಲಿ ಇಬ್ಬರೂ ಹೊರಟೆವು.

ಆ ಕಡಲತೀರ ನಾನು ಅಂದುಕೊಂಡ ಹಾಗೆ ಇರಲಿಲ್ಲ. ಹೋಟೆಲು, ಅಂಗಡಿ, ಛತ್ರಿ, ಜನ ಏನೂ ಇಲ್ಲ. ದೋಣಿ ಬಾಡಿಗೆಗೆ ಕೊಡುವುದನ್ನು ಆ ಸಾವಿನ ನಂತರ ನಿಲ್ಲಿಸಿದ್ದರಂತೆ. ಒಂದಿಷ್ಟು ಗಾಳಿಮರ, ನೀರಿನಲ್ಲೇ ಬೇರು ಬಿಟ್ಟು ನಿಂತ ಪೊದೆಗಳು, ಇಳಿತದಲ್ಲಿ ಬಯಲಾಗಿದ್ದ ಬೂದು ಬಣ್ಣದ ಕೆಸರು. ಎದುರಿಗೆ, ಕಾಲುವೆಯಂಥ ನೀರಿನ ಆಚೆ, ಸುಣ್ಣದ ಕಲ್ಲಿನ ಬೆಟ್ಟಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿದ್ದವು. ಬಿಳಿ ಗೋಡೆಯ ಮೇಲೆ ಕೆಂಪು, ಕಪ್ಪು ಗೆರೆಗಳು ಇಳಿದಿದ್ದವು. ಬುಡವನ್ನು ಸಮುದ್ರ ತಿಂದು ತಿಂದು ಒಳಕ್ಕೆ ಕೊರೆದಿತ್ತು. ಚಂದವಾಗಿತ್ತು. ಅಂಥ ಜಾಗ ಚಂದವಾಗಿದೆಯಲ್ಲ ಎಂದು ನನಗೆ ಸಿಟ್ಟೇ ಬಂತು.

ನಮ್ಮನ್ನು ಕರೆತಂದವನು ವಯಸ್ಸಾದ ಒಬ್ಬ ಮೀನುಗಾರ. ಹಿಂಭಾಗದಲ್ಲಿ ಉದ್ದ ಕೋಲಿನ ಮೋಟಾರು ಕಟ್ಟಿದ ದೋಣಿ ಅವನದು. ನಾಲ್ಕಾರು ಇಂಗ್ಲಿಷ್ ಪದ ಬಿಟ್ಟರೆ ಅವನಿಗೂ ನಮಗೂ ಮಾತಿಲ್ಲ. ನಾವು ಯಾಕೆ ಬಂದಿದ್ದೇವೆ ಎಂದು ಹೇಳಿರಲಿಲ್ಲ. ಅಣ್ಣ ತಂಗಿ ಎಂದು ಗೊತ್ತಾಯಿತೋ, ಗಂಡ ಹೆಂಡತಿ ಎಂದುಕೊಂಡನೋ ತಿಳಿಯದು. ಅವನು ನಮ್ಮನ್ನು ಇಳಿಸಿ, ಒಂದಿಷ್ಟು ದೂರದಲ್ಲಿ ದೋಣಿಯ ನೆರಳಿನಲ್ಲಿ ಕೂತು ಬಲೆ ಬಿಡಿಸತೊಡಗಿದ.

ಮಧ್ಯಾಹ್ನದ ಬಿಸಿಲು. ನಾವು ಇಳಿದುಕೊಂಡಿದ್ದ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಅನ್ನದ ಪೊಟ್ಟಣ ಬಿಚ್ಚಿದೆ. ಸುಧಾ ಮುಟ್ಟಲಿಲ್ಲ. ಬೆಳಿಗ್ಗೆಯಿಂದಲೂ ಅವಳು ಏನೂ ತಿಂದಿರಲಿಲ್ಲ. ನೀರಿನ ಅಂಚಿಗೆ ಹೋಗಿ ನಿಂತು ಬೆಟ್ಟವನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ರೀ" ಎಂದು ಕೂಗಿದಳು.

ಬೆಟ್ಟ "ರೀ" ಎಂದಿತು. ಅವಳದೇ ಧ್ವನಿ, ಸ್ವಲ್ಪ ತೆಳುವಾಗಿ.

ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. ಪ್ರತಿಧ್ವನಿ ಎಂದೆ. ಗೋಡೆ ನೆಟ್ಟಗಿದೆ, ಮಧ್ಯೆ ನೀರು ಬಿಟ್ಟು ಬೇರೇನಿಲ್ಲ, ಶಬ್ದ ಹೋಗಿ ತಗುಲಿ ಹಾಗೇ ವಾಪಸ್ ಬರುತ್ತದೆ ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ನಾನೂ ಒಮ್ಮೆ ಕೂಗಿ ತೋರಿಸಿದೆ. ನನ್ನ ಕೂಗೂ ಬಂತು. ಅವಳು ಮತ್ತೆರಡು ಸಲ ಕೂಗಿದಳು, ಎರಡು ಸಲವೂ ಅವಳ ಧ್ವನಿಯೇ ಬಂತು. ಅತ್ತು ಹಗುರಾಗಲಿ ಎಂದು ನಾನು ಸ್ವಲ್ಪ ಹಿಂದೆ ಸರಿದು ನಿಂತೆ.

ಆಗ ಅವಳು, ಕೂಗಲಿಲ್ಲ, ಪಕ್ಕದಲ್ಲಿ ಇರುವವರನ್ನು ಕೇಳುವ ಹಾಗೆ ಮೆಲ್ಲಗೆ, "ಊಟ ಆಯ್ತಾ?" ಎಂದಳು.

ಆ ಮಾತು ನನಗೇ ಕಷ್ಟದಿಂದ ಕೇಳಿಸಿತು. ಅದು ನೀರು ದಾಟಿ ಬೆಟ್ಟ ಮುಟ್ಟುವುದು ಸಾಧ್ಯವೇ ಇರಲಿಲ್ಲ. ನಾನು ಗಮನವನ್ನೂ ಕೊಟ್ಟಿರಲಿಲ್ಲ.

ಆಚೆಯಿಂದ ಗಂಡಸಿನ ಧ್ವನಿ ಬಂತು. "ಇನ್ನೂ ಇಲ್ಲ. ನಿಂದಾಯ್ತಾ?"

ಸ್ಪಷ್ಟವಾಗಿ ಹೇಳುತ್ತೇನೆ. ಗಾಳಿಯ ಸದ್ದಲ್ಲ, ಹಕ್ಕಿಯ ಕೂಗಲ್ಲ. ಕನ್ನಡ. ನಮ್ಮ ಮತ್ತಿಕೆರೆಯ ಕನ್ನಡ. ಶಿವಕುಮಾರ ಆಫೀಸಿನಲ್ಲಿದ್ದಾಗ ಸುಧಾ ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದಳು. ನಮ್ಮ ಮನೆಗೆ ಬಂದಾಗಲೂ ಬಿಡುತ್ತಿರಲಿಲ್ಲ. ಸ್ಪೀಕರಿನಲ್ಲಿ ಆ ಮಾತನ್ನು, ಆ ಧ್ವನಿಯನ್ನು, ನಾನೂ ನನ್ನ ಹೆಂಡತಿಯೂ ಎಷ್ಟೋ ಸಲ ಕೇಳಿ ನಕ್ಕಿದ್ದೇವೆ.

ಸುಧಾ ಗಾಬರಿಯಾಗಲಿಲ್ಲ, ಅಳಲಿಲ್ಲ. "ನಂದೂ ಇಲ್ಲ. ತಾಳಿ, ಬರ್ತೀನಿ" ಎಂದು, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿಕೊಂಡು, ಒಳಗಿನ ರೂಮಿಗೆ ಹೋಗುವವಳ ಹಾಗೆ ನೀರಿಗೆ ಇಳಿದಳು.

ನೀರು ಆಗಲೇ ಏರತೊಡಗಿತ್ತು. ನಾನು ಅವಳ ಹೆಸರು ಕೂಗುತ್ತಾ ಓಡಿದೆ. ಕೆಸರಿನಲ್ಲಿ ಮೊಣಕಾಲವರೆಗೆ ಹೂತು ಬಿದ್ದು ಎದ್ದು, ಅವಳನ್ನು ಹಿಡಿಯುವ ಹೊತ್ತಿಗೆ ನೀರು ಅವಳ ಎದೆಗೆ ಬಂದಿತ್ತು. ನಾನು ಎಳೆದರೆ ಅವಳು ಮುಂದಕ್ಕೆ ಎಳೆಯುತ್ತಿದ್ದಳು. ಅಷ್ಟು ಬಲ ಆ ತೆಳ್ಳಗಿನ ಮೈಯಲ್ಲಿ ಎಲ್ಲಿಂದ ಬಂತೋ. ಮುದುಕ ದೋಣಿ ತಂದ, ನಾವಿಬ್ಬರೂ ಸೇರಿ ಅವಳನ್ನು ಎತ್ತಿ ಹಾಕಿದೆವು. ಅವಳು ದೋಣಿಯ ತಳದಲ್ಲಿ ಕೂತು ನಡುಗುತ್ತಿದ್ದಳು. ನನ್ನ ಅಂಗೈ ಚಿಪ್ಪು ತಗುಲಿ ಸೀಳಿಹೋಗಿತ್ತು.

ಇಲ್ಲಿಯವರೆಗೆ ನೀವು ಹೇಳಬಹುದು, ದುಃಖದಲ್ಲಿ ಅವಳಿಗೆ ಭ್ರಮೆಯಾಯಿತು, ಅವಳನ್ನು ನೋಡಿ ನಿಮಗೂ ಆಯಿತು ಎಂದು. ನಾನೂ ಆ ದೋಣಿಯಲ್ಲೇ ಹಾಗೆ ಸಮಾಧಾನ ಮಾಡಿಕೊಳ್ಳಲು ಶುರು ಮಾಡಿದ್ದೆ. ಅಷ್ಟರಲ್ಲಿ ಮುದುಕ ದೋಣಿಯ ಮೂತಿಯನ್ನು ಊರಿನ ಕಡೆ ತಿರುಗಿಸದೆ ಬೆಟ್ಟದ ಕಡೆ ತಿರುಗಿಸಿದ. ಯಾಕೆ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಯುವರ್ ಫ್ರೆಂಡ್" ಎಂದ. ಆಚೆ ತೋರಿಸಿ, "ಮ್ಯಾನ್ ಟಾಕ್. ಐ ಗೋ ಟೇಕ್."

ಅವನಿಗೆ ನಮ್ಮ ಭಾಷೆ ಬಾರದು. ಅಲ್ಲಿ ಯಾರೋ ಗಂಡಸು ಮಾತಾಡಿದ, ಹೆಂಗಸು ಉತ್ತರ ಕೊಟ್ಟಳು, ನಮ್ಮ ಕಡೆಯವನೊಬ್ಬ ಆಚೆ ಉಳಿದಿದ್ದಾನೆ, ನೀರು ಪೂರ್ತಿ ಏರುವ ಮುಂಚೆ ಕರೆತರಬೇಕು. ಅಷ್ಟೇ ಅವನ ಲೆಕ್ಕ.

ನಾನು ಬೇಡವೆನ್ನಲಿಲ್ಲ. ಹೋದೆವು. ಬೆಟ್ಟದ ಬುಡದಲ್ಲಿ ನಿಲ್ಲಲು ಒಂದು ಅಡಿ ಜಾಗವೂ ಇರಲಿಲ್ಲ. ಕೊರೆದ ಬಂಡೆ ತಲೆಯ ಮೇಲೆ ಚಾಚಿಕೊಂಡಿತ್ತು, ಕೆಳಗೆ ಕತ್ತಿಯಂಥ ಚಿಪ್ಪುಗಳು, ನೇರವಾಗಿ ಆಳದ ನೀರು. ಮುದುಕ ಮೋಟಾರು ನಿಲ್ಲಿಸಿ ತನ್ನ ಭಾಷೆಯಲ್ಲಿ ಕೂಗಿದ. ಅವನ ಕೂಗೇ ವಾಪಸ್ ಬಂತು. ಬೆಟ್ಟವನ್ನು ಒಂದು ಸುತ್ತು ಹಾಕಿದೆವು. ಬೇರೆ ದೋಣಿಯಿಲ್ಲ, ಮನುಷ್ಯರಿಲ್ಲ. ಅವನು ನನ್ನ ಮುಖ ನೋಡಿದ, ಸುಧಾಳ ಮುಖ ನೋಡಿದ. ಏನು ತಿಳಿಯಿತೋ, ನೀರು ತೆಗೆದು ಮುಖ ತೊಳೆದುಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡ. ದಡ ಮುಟ್ಟುವವರೆಗೆ ತಿರುಗಿ ನೋಡಲಿಲ್ಲ.

ಹೋಟೆಲಿನಲ್ಲಿ ಬಟ್ಟೆ ಬದಲಿಸಿ ಬಂದ ಸುಧಾ, "ಅಣ್ಣ, ನಿಂಗೂ ಕೇಳಿಸ್ತು ತಾನೆ?" ಎಂದಳು.

"ಕೇಳಿಸ್ತು" ಎಂದೆ.

"ಅಷ್ಟ್ ಸಾಕು" ಎಂದಳು. ಮತ್ತೆ ಅದರ ಬಗ್ಗೆ ನನ್ನ ಹತ್ತಿರ ಮಾತೆತ್ತಲಿಲ್ಲ.

ಆದರೆ ಮತ್ತಿಕೆರೆಯ ಮನೆಯಲ್ಲಿ ಹೇಳಿದಳು. ಶಿವಕುಮಾರನ ಅಣ್ಣ ಮಂಜುನಾಥ ನನ್ನ ಮೇಲೆ ಸಿಟ್ಟಾದ. "ಅವಳಂತೂ ಸರಿ, ನೀವು ಪಾಠ ಹೇಳೋರು. ನೀವೇ ಹೌದು ಅಂದ್ಬಿಟ್ರೆ ಅವಳ್ನ ಯಾರ್ ಹಿಡಿಯೋದು ಮೇಷ್ಟ್ರೆ?" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸುಧಾ ಮಧ್ಯಾಹ್ನದ ಊಟ ಬಿಟ್ಟಿದ್ದಳು. ಬೆಳಿಗ್ಗೆ ತಿನ್ನುತ್ತಾಳೆ, ಸಂಜೆ ತಿನ್ನುತ್ತಾಳೆ, ಮಧ್ಯಾಹ್ನ ತಟ್ಟೆ ಮುಂದಿಟ್ಟರೆ "ಅವರದಾಗಲಿ" ಎನ್ನುತ್ತಾಳೆ. ಹೆಬ್ಬಾಳದ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಸಮಾಧಾನದಿಂದ ಎಲ್ಲ ಕೇಳಿ, ಇಬ್ಬರಿಗೆ ಒಂದೇ ಭ್ರಮೆ ಆಗುವುದುಂಟು ಎಂದರು. ಮುದುಕನ ವಿಷಯ ಹೇಳಿದೆ. ಅವನು ನಿಮ್ಮ ಧ್ವನಿಯನ್ನೇ ಕೇಳಿರಬಹುದು ಎಂದರು. ಆ ಮಾತು ಬಂದ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿರಲಿಲ್ಲ ಎಂದೇ ನನ್ನ ನೆನಪು.

ಕೆಲವು ತಿಂಗಳಾದ ಮೇಲೆ ಗಂಗಮ್ಮನವರು ಒಬ್ಬರೇ ಆಟೋ ಹಿಡಿದು ನಮ್ಮ ಮನೆಗೆ ಬಂದರು. ಆಕೆ ಒಬ್ಬರೇ ಎಲ್ಲಿಗೂ ಹೋದವರಲ್ಲ. ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಬೈಯಲು ಬಂದಿದ್ದಾರೆ ಎಂದುಕೊಂಡೆ.

"ಮೇಷ್ಟ್ರೆ, ಒಂದ್ ಮಾತ್ ಕೇಳ್ತೀನಿ, ನಿಜ ಯೇಳ್ಬೇಕು" ಎಂದರು. "ನನ್ ಮಗನ್ ದನಿ ಎಂಗಿತ್ತು?"

ಆಕೆಯೇ ಮುಂದುವರಿಸಿದರು. "ನೋವಾಗಿತ್ತಾ? ಎದ್ರುಕೊಂಡಿದ್ನಾ? ಸುಸ್ತಾಗಿತ್ತಾ?"

"ಇಲ್ಲಮ್ಮ. ಏನೂ ಆಗದವರ ಹಂಗೇ ಇತ್ತು. ಆಫೀಸಿಂದ ಫೋನಲ್ಲಿ ಮಾತಾಡ್ತಿದ್ನಲ್ಲ, ಹಂಗೆ" ಎಂದೆ. ನೆಮ್ಮದಿಯಾಗಲಿ ಎಂದು ಹೇಳಿದ್ದಲ್ಲ. ಇದ್ದದ್ದೇ ಹಾಗೆ.

ಗಂಗಮ್ಮನವರು ತಲೆಯಾಡಿಸಿದರು. ಆಕೆಯ ಮುಖದಲ್ಲಿ ನೆಮ್ಮದಿ ಕಾಣುತ್ತದೆಂದು ನಾನು ಕಾದೆ. ಆಕೆ ಕಿಟಕಿಯ ಆಚೆ ನೋಡುತ್ತಾ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದರು.

"ಅಂಗಾರೆ ತಾನಿಲ್ಲ ಅಂತ ಅವನ್ಗಿನ್ನೂ ಗೊತ್ತಾಗಿಲ್ಲ."

ಆಕೆಯನ್ನು ಕೈಹಿಡಿದು ಆಟೋ ಹತ್ತಿಸಿ, ಅದು ತಿರುವು ದಾಟುವವರೆಗೆ ಗೇಟಿನ ಹತ್ತಿರ ನಿಂತಿದ್ದೆ.