ಚೆಂಡಿನ ಬದಲು ಕೊಟ್ಟ ಕಾದಂಬರಿ

ಮಕ್ಕಳೇ, ಈಚೆಗೆ ನಮ್ಮ ಮನೆಯಲ್ಲಿ ಒಬ್ಬ ಹುಡುಗಿಯ ಕೈಯಿಂದ ಬಾಸ್ಕೆಟ್‌ಬಾಲ್ ಕಸಿದುಕೊಂಡು, ಬಾಸ್ಕೆಟ್‌ಬಾಲ್ ಆಡುವ ಹುಡುಗಿಯ ಕಾದಂಬರಿ ಕೊಟ್ಟರು. ಎಲ್ಲರಿಗೂ ಸಂತೋಷವಾಯಿತು. ಆ ಹುಡುಗಿಯೊಬ್ಬಳನ್ನು ಬಿಟ್ಟು.

ಅವಳು ನನ್ನ ಮೊಮ್ಮಗಳು ಚಂದನ. ಪರಶುರಾಂಪುರದ ಶಾಲೆಯಲ್ಲಿ ಎಂಟನೇ ಕ್ಲಾಸು. ಬಸ್ಸಿಗೆ ಓಡುವಾಗಲೂ ಎದುರಿಗೆ ಯಾರೋ ಅಡ್ಡ ಬಂದವರಂತೆ ಮೈ ತಿರುಗಿಸಿ ನುಸುಳುವವಳು. ಚಳ್ಳಕೆರೆಯ ತಾಲ್ಲೂಕು ಮ್ಯಾಚಿಗೆ ಅವಳ ಹೆಸರು ಬಂತು. ಅದೇ ಹೊತ್ತಿಗೆ ದೊಡ್ಡವಳಾದಳು.

(ಇದನ್ನು ಪೇಪರಿನಲ್ಲಿ ಬರೆಯಲು ನನಗೆ ನಾಚಿಕೆ. ಆದರೆ ಶಾಮಿಯಾನ ಹಾಕಿಸಿ ಊರಿಗೆಲ್ಲ ಸಾರಿದವರಿಗೆ ಇಲ್ಲದ ನಾಚಿಕೆ ನನಗೊಬ್ಬಳಿಗೆ ಯಾಕೆ?)

ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುವ ಅವಳ ಸೋದರಮಾವ ಬಂದು, ಪದ್ಧತಿಯಂತೆ ಅಂಗಳದಲ್ಲಿ ಹಸಿ ಸೊಪ್ಪಿನ ಗುಡಿಸಲು ಹಾಕಿದ. ಆರತಿಯ ತನಕ ಊಟ, ನಿದ್ದೆ ಎಲ್ಲ ಅದರೊಳಗೆ. ಮ್ಯಾಚ್ ಇದ್ದದ್ದು ಆರತಿಯಾದ ಮೇಲೆ. ಅದು ಗೊತ್ತಿದ್ದೇ ಚಂದನ ತೆಪ್ಪಗೆ ಕೂತಳು. ಕೊಬ್ಬರಿ, ಬೆಲ್ಲ, ತುಪ್ಪ, ಕೊಟ್ಟದ್ದನ್ನೆಲ್ಲ ತಿಂದಳು. ಮೈಗೆ ಶಕ್ತಿ ಬರಬೇಕಂತೆ. ಯಾತಕ್ಕೆ ಶಕ್ತಿ? ಕೂರುವುದಕ್ಕೆ?

ಆರತಿಯ ದಿನ ಅವಳ ಪಿ.ಟಿ. ಮೇಡಂ ಬಂದರು. ಹೋಳಿಗೆ ಊಟ ಮಾಡಿ, ಮ್ಯಾಚಿಗೆ ಕಳಿಸಿಕೊಡಿ ಎಂದು ಕೇಳಿದರು. ಅವಳಪ್ಪ, ಅಂದರೆ ನನ್ನ ಮಗ, ದನಿ ಏರಿಸಲಿಲ್ಲ.

“ದೊಡ್ಡೋಳಾದ್ಲಲ್ರಿ ಮೇಡಂ. ಇನ್ನು ಚಡ್ಡಿ ಹಾಕ್ಕಂಡು ನಾಲ್ಕು ಜನದ ಮುಂದೆ ಜಿಗಿಯೋದೆಲ್ಲ ನಮ್ಮಲ್ಲಿ ಇಲ್ಲ.”

ಪ್ಯಾಂಟು ಹಾಕಿಯೇ ಆಡಿಸುತ್ತೇನೆ ಎಂದರು ಮೇಡಂ. ಮಾತು ಪ್ಯಾಂಟಿನದಲ್ಲ ಎಂದ ಮಗ. ಅವರಿಗೆ ತಾಂಬೂಲ ಕೊಟ್ಟು ಗೇಟಿನವರೆಗೆ ಹೋಗಿ ಕಳಿಸಿಬಂದ. (ಇಲ್ಲ ಎನ್ನುವಾಗ ನಮ್ಮವರಿಗೆ ಮರ್ಯಾದೆ ಜಾಸ್ತಿ.) ಶಾಲೆಯಿಂದ ತಂದಿದ್ದ ಚೆಂಡೂ ಅವರ ಜೊತೆಗೇ ಹೋಯಿತು.

ಆಮೇಲೆ ಸೋದರಮಾವ ಉಡುಗೊರೆ ಬಿಚ್ಚಿದ. ತನ್ನ ಮಗ್ಗದ ರೇಷ್ಮೆ ಸೀರೆ. ಅದರ ಮೇಲೊಂದು ಮಕ್ಕಳ ಕಾದಂಬರಿ. ಮುಖಪುಟದಲ್ಲಿ ಚೆಂಡು ಹಿಡಿದು ಹಾರಿದ ಹುಡುಗಿ. ದುರ್ಗದ ಅಂಗಡಿಯಲ್ಲಿ ಹುಡುಕಿ ತಂದನಂತೆ.

“ಇನ್ನು ಆಡೋಕಂತೂ ಆಗಲ್ಲ ಅತ್ತೆ. ಓದಾದ್ರೂ ಓದ್ಲಿ ಅಂತ ತಂದೆ,” ಅಂದ ನನಗೆ. ಕೆಟ್ಟವನಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಬೈಯಬಹುದಿತ್ತಲ್ಲ!

ಮಗನಿಗೆ ಪುಸ್ತಕ ಬಹಳ ಹಿಡಿಸಿತು. ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಮನೆಯಲ್ಲೇ ಕೂತು ಎಷ್ಟು ಬೇಕೋ ಅಷ್ಟು ಓದಲಿ ಎಂದ.

ನಾನೂ ಓದಿದೆ. ಹಳ್ಳಿ ಶಾಲೆಯ ಓದು ನನ್ನದು, ಸಾಲಿಗೆ ಬೆರಳಿಟ್ಟೇ ಓದಬೇಕು. ಕತೆಯ ಹುಡುಗಿಗೂ ಕಷ್ಟಗಳಿವೆ. ಶೂ ಹರಿಯುತ್ತದೆ, ಕಾಲು ಉಳುಕುತ್ತದೆ, ಗೆಳತಿ ಮುನಿಯುತ್ತಾಳೆ. ಕೊನೆಗೆ ಗೆಲ್ಲುತ್ತಾಳೆ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾನೆ.

ಚಂದನ ಕೇಳಿದಳು: “ಅಜ್ಜಿ, ಈ ಹುಡುಗಿ ಹತ್ತನೇ ಕ್ಲಾಸಿಗೆ ಬಂದ್ರೂ ದೊಡ್ಡೋಳೇ ಆಗಲ್ವಲ್ಲ?”

ಬರೆದವರು ಮರೆತಿರಬೇಕು ಎಂದೆ.

“ಮರ್ತಿಲ್ಲ ಬಿಡು. ಆಗಿದ್ರೆ ಕತೆ ಅಲ್ಲಿಗೇ ಮುಗೀತಿತ್ತು.”

ಆ ಹುಡುಗಿಯ ಮನೆಯಲ್ಲಿ ಬೇರೆ ತರಹ ಇರುತ್ತದೆ ಎನ್ನಲೇ? ಹಾಗಾದರೆ ನಮ್ಮ ಮನೆಯಲ್ಲಿ ಯಾಕಿಲ್ಲ ಎಂದು ಕೇಳುತ್ತಾಳೆ.

ಮ್ಯಾಚಿನ ದಿನ ಶಾಲೆಯ ಹುಡುಗಿಯರ ವ್ಯಾನು ನಮ್ಮ ಮನೆಯ ಮುಂದೆಯೇ ಹೋಯಿತು. ಚಂದನಾ ಚಂದನಾ ಎಂದು ಕೂಗಿ ಕೈ ಬೀಸಿದರು. ಇವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಜಗಲಿಯಲ್ಲಿದ್ದವರಿಗೆ ನನ್ನ ಮಗ ಹೆಮ್ಮೆಯಿಂದ ಹೇಳಿದ: “ನೋಡ್ರಿ, ಪುಸ್ತಕದ ಹುಚ್ಚು ಎಷ್ಟೈತೆ ನಮ್ಮುಡುಗಿಗೆ.”

ಮಗನಿಗೆ ನಾನು ಎದುರು ಮಾತಾಡಿದವಳಲ್ಲ. ಆದರೆ ಅವನು ವಾರವಾರ ಈ ಪೇಪರು ಓದುತ್ತಾನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪುಸ್ತಕ ಓದಿ ಮುಗಿಸಿದ್ದಾಳಪ್ಪ, ಇನ್ನೇನು ಕೊಡ್ತೀಯ?