ಅಕ್ಕನ ಭಾನುವಾರಗಳು

ಆಸ್ಪತ್ರೆಯ ನರ್ಸ್‌ಗಳ ಡ್ಯೂಟಿ ಪಟ್ಟಿಯನ್ನು ಹತ್ತೊಂಬತ್ತು ವರ್ಷ ಕೈಯಾರೆ ಒಂದೊಂದೇ ಚೌಕ ತುಂಬಿ ತಯಾರಿಸಿದ್ದ ಗುಮಾಸ್ತೆಗೆ, ಪಕ್ಕದ ಮೇಜಿನ ಗೆಳತಿ ಕಂಪ್ಯೂಟರಿನಲ್ಲಿ ಕೂರಿಸಿದ ಬಟನ್ ಮೇಲೆ ಎಳ್ಳಷ್ಟೂ ನಂಬಿಕೆ ಹುಟ್ಟಲಿಲ್ಲ.

"ಒಂದು ಸಲ ಒತ್ತಿದ್ರೆ ತಿಂಗಳ ಪಟ್ಟಿ ರೆಡಿ ಅಂದ್ರೆ ಏನೋ ಮಸಲತ್ತು ಇರ್ಲೇಬೇಕು," ಎಂದು ಗೊಣಗಿ, ಅದರ ಕಳ್ಳತನ ಹಿಡಿಯಲು ತನ್ನ ಹಳೆಯ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಸ್ಕೇಲ್ ಹಿಡಿದು ಒಂದೊಂದು ಸಾಲನ್ನೂ ತಾಳೆ ನೋಡಿದಳು. ಸರದಿಯೆಲ್ಲ ಸರಿಯಾಗಿಯೇ ಇತ್ತು. ಆದರೆ ಅಲ್ಲೇ ನರ್ಸ್ ಆಗಿದ್ದ ಅವಳ ಸ್ವಂತ ಅಕ್ಕನಿಗೆ ಬಟನ್ ಎರಡು ಭಾನುವಾರ ಡ್ಯೂಟಿ ಹಾಕಿತ್ತು. ಹಳೆಯ ಪಟ್ಟಿಗಳಲ್ಲಿ ಅಕ್ಕನಿಗೆ ಒಂದೇ ಒಂದು ಭಾನುವಾರವೂ ಬಿದ್ದಿರಲಿಲ್ಲ.

"ಏನೇ, ತಪ್ಪು ಸಿಕ್ತಾ?" ಎಂದು ಗೆಳತಿ ಹತ್ತಿರ ಬಂದಳು.

ಗುಮಾಸ್ತೆ ಹಳೆಯ ಪಟ್ಟಿಗಳನ್ನು ಸರಕ್ಕನೆ ಡ್ರಾಯರಿಗೆ ತುರುಕಿದಳು. "ಸಿಕ್ದೇ ಇರುತ್ತಾ? ನಿನ್ನ ಬಟನ್‌ಗೆ ನಮ್ಮೋರು ಅನ್ನೋದೇ ಇಲ್ಲ ಕಣೇ!"